ಮಕ್ಕಳೊಂದಿಗೆ ಪ್ರಾರ್ಥನೆ, ಮಕ್ಕಳೊಂದಿಗೆ ಆರಾಧನೆ: ತಂದೆತಾಯಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೇ ಸ್ಕೂಲ್ ಶಿಕ್ಷಕರ ಕೂಟದಲ್ಲಿ, ದೀಕ್ಷಾಸ್ನಾನಕ್ಕೆ ಮುಂಚಿನ ಮಾತುಕತೆಯಲ್ಲಿ, ಆರಾಧನೆ ಮುಗಿದು ಗುಡಿಯ (ಚರ್ಚಿನ) ಅಂಗಳದಲ್ಲಿ ಚಹಾ ಕುಡಿಯುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯವಳು. ಆದರೆ ಮಕ್ಕಳ ವಿಷಯದಲ್ಲಿ ಕಥೋಲಿಕ ನೆರೆಯವರಿಂದ ಕಲಿಯಬೇಕಾದದ್ದು ಬಹಳ ಇದೆ ಎನ್ನುವವಳು. ಆದ್ದರಿಂದ ಉತ್ತರಗಳಲ್ಲಿ ಎರಡೂ ಕಡೆಯ ರೂಢಿಗಳು ಸೇರಿಕೊಂಡಿವೆ.

ಮನೆಯಲ್ಲಿ ಕುಟುಂಬ ಪ್ರಾರ್ಥನೆಗೆ ಕುಳಿತರೆ ಮಕ್ಕಳು ಐದು ನಿಮಿಷವೂ ಸುಮ್ಮನಿರುವುದಿಲ್ಲ. ಏನು ಮಾಡುವುದು?

ಮೊದಲು ಪ್ರಾರ್ಥನೆಯನ್ನು ಚಿಕ್ಕದು ಮಾಡಿ. ನಮ್ಮ ಅನೇಕ ಮನೆಗಳಲ್ಲಿ ಇಡೀ ಅಧ್ಯಾಯ ಓದಿ, ಆಮೇಲೆ ಮನೆಯ ಯಜಮಾನರು ಊರಿನ ರೋಗಿಗಳಿಂದ ಹಿಡಿದು ದೇಶದ ಅಧಿಕಾರಿಗಳವರೆಗೆ ಎಲ್ಲರಿಗಾಗಿಯೂ ಒಂದೇ ಉಸಿರಿನಲ್ಲಿ ಬೇಡಿಕೊಳ್ಳುತ್ತಾರೆ. ಆರು ವರ್ಷದ ಮಗು ಅಷ್ಟು ಹೊತ್ತು ಕಣ್ಣು ಮುಚ್ಚಿದರೆ ನಿದ್ದೆ ಬರುವುದೇ ಸಹಜ.

ಒಂದು ಮೇಣದಬತ್ತಿ ಹಚ್ಚಿ. ಒಂದು ಹಾಡಿನ ಒಂದೇ ಚರಣ, ನಾಲ್ಕೈದು ವಚನಗಳ ಓದು, ಪ್ರತಿಯೊಬ್ಬರದೂ ಒಂದು ವಾಕ್ಯದ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಎಂಟು ನಿಮಿಷದಲ್ಲಿ ಮುಗಿಯುತ್ತದೆ. ಹಾಡು ಆರಿಸುವುದು, ಬತ್ತಿ ಆರಿಸುವುದು ಮಗುವಿನ ಕೆಲಸವಾಗಲಿ. ಯಾರಿಗಾಗಿ ಪ್ರಾರ್ಥಿಸಬೇಕೆಂದು ಮಗುವನ್ನೇ ಕೇಳಿ. ಬೀದಿನಾಯಿಯ ಕಾಲು ಮುರಿದಿದೆ ಎಂದರೆ ಆ ನಾಯಿಗಾಗಿಯೇ ಪ್ರಾರ್ಥಿಸಿ, ನಗಬೇಡಿ.

ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ದೇವರ ಮಾತುಗಳನ್ನು ಮಕ್ಕಳಿಗೆ ಹೇಳಿಕೊಡಬೇಕಾದ ಸಂದರ್ಭಗಳ ಪಟ್ಟಿ ಇದೆ: ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಈ ನಾಲ್ಕರಲ್ಲಿ ಒಂದೂ ತರಗತಿಯಲ್ಲ. ಸ್ಕೂಟರಿನಲ್ಲಿ ಹೋಗುವಾಗ ಆಂಬ್ಯುಲೆನ್ಸ್ ಸದ್ದು ಕೇಳಿದರೆ ಒಳಗಿರುವವರಿಗಾಗಿ ಒಂದು ಮಾತು, ಶಾಲೆಗೆ ಹೊರಡುವ ಮಗುವಿನ ತಲೆಯ ಮೇಲೆ ಕೈಯಿಟ್ಟು ಒಂದು ಆಶೀರ್ವಾದ. ಇವೂ ಕುಟುಂಬ ಪ್ರಾರ್ಥನೆಯೇ.

ಎಂಟು-ಒಂಬತ್ತು ದಾಟಿದ ಮಕ್ಕಳಿಗೆ ಇನ್ನೊಂದು ರೂಢಿ ಚೆನ್ನಾಗಿ ಹೊಂದುತ್ತದೆ. 16ನೆಯ ಶತಮಾನದಲ್ಲಿ ಲೊಯೊಲಾದ ಸಂತ ಇಗ್ನಾಸಿಯು ತನ್ನ ಸಂಗಡಿಗರಿಗೆ ದಿನವನ್ನು ದೇವರ ಮುಂದೆ ಹಿಂತಿರುಗಿ ನೋಡುವ ಅಭ್ಯಾಸ ಕಲಿಸಿದ. ಅದನ್ನು ಹಾಸಿಗೆಯ ಪಕ್ಕದಲ್ಲಿ ಎರಡು ಪ್ರಶ್ನೆಗಳಿಗೆ ಇಳಿಸಬಹುದು: ಇವತ್ತು ಯಾವುದಕ್ಕೆ ವಂದನೆ ಹೇಳಬೇಕು? ಯಾವುದು ಬೇರೆ ರೀತಿ ಆಗಬೇಕಿತ್ತು? ನೀವೂ ಉತ್ತರಿಸಬೇಕು. ಅಪ್ಪ "ಇವತ್ತು ನಿನ್ನ ಮೇಲೆ ಸುಮ್ಮನೆ ರೇಗಿದೆ" ಎಂದು ದೇವರ ಮುಂದೆ ಹೇಳುವುದನ್ನು ಕೇಳಿದ ಮಗುವಿಗೆ ಪಾಪನಿವೇದನೆಯ ಪಾಠ ಬೇರೆ ಬೇಕಾಗುವುದಿಲ್ಲ.

ಯಾವ ವಯಸ್ಸಿನಿಂದ ಆರಂಭಿಸಬೇಕು?

ಮಡಿಲಿನಿಂದಲೇ. ಕೂಸಿಗೆ ಅರ್ಥವಾಗದಿದ್ದರೂ ರಾಗ ಗೊತ್ತಾಗುತ್ತದೆ. ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಪೌಲನು ಮೊದಲು ನೆನೆಯುವುದು ಅವನ ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಅಜ್ಜಿಯಂದಿರಿಗೆ ಈ ಕೆಲಸ ಒಪ್ಪಿಸಲು ಹಿಂಜರಿಯಬೇಡಿ. ಅವರಿಗೆ ಸಮಯವೂ ಇದೆ, ಹಾಡುಗಳೂ ಬಾಯಿಪಾಠವಿವೆ.

ಸೃಜನಶೀಲವಾಗಿ ಕಲಿಸುವುದೆಂದರೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದೇ?

ಇದರ ಬಗ್ಗೆ ನನಗೆ ಸ್ವಲ್ಪ ಕಟುವಾದ ಅಭಿಪ್ರಾಯವಿದೆ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ (ವಿ.ಬಿ.ಎಸ್.) ಒಂದು ಕೋಣೆಯ ಮಕ್ಕಳೆಲ್ಲ ಒಂದೇ ಥರದ ಥರ್ಮೊಕೋಲ್ ನಾವೆ ಮಾಡುತ್ತಾರೆ. ಅರ್ಧ ಕೆಲಸವನ್ನು ಶಿಕ್ಷಕರು ಹಿಂದಿನ ರಾತ್ರಿಯೇ ಮುಗಿಸಿರುತ್ತಾರೆ. ಮನೆಗೆ ಒಯ್ದ ನಾವೆ ಮರುದಿನ ಕಸದ ಗಾಡಿಗೆ. ಮಗು ಕೈ ಚುರುಕು ಮಾಡಿಕೊಂಡಿತು, ನಿಜ. ನೋಹನ ಕಥೆಯೊಳಗೆ ಅದು ಒಂದು ನಿಮಿಷವಾದರೂ ಇತ್ತೇ? ಮಗುವನ್ನು ಕಥೆಯಲ್ಲಿ ಉಳಿಸಿಕೊಳ್ಳುವ ಕೆಲಸ ಬೇಕು. ಮಗುವನ್ನು ಸುಮ್ಮನಿರಿಸಲು ಕೊಡುವ ಕೆಲಸ ಬೇಡ.

ಇದನ್ನು ಚೆನ್ನಾಗಿ ಅರಿತಿದ್ದವರು ರೋಮ್ ನಗರದ ಸೋಫಿಯಾ ಕವಲ್ಲೆತ್ತಿ ಮತ್ತು ಜಾನ್ನಾ ಗೊಬ್ಬಿ. 1954ರಲ್ಲಿ ಇವರಿಬ್ಬರೂ ಮಾಂಟೆಸ್ಸೊರಿ ವಿಧಾನವನ್ನು ಧರ್ಮಬೋಧನೆಗೆ ತಂದರು. (ಮರಿಯಾ ಮಾಂಟೆಸ್ಸೊರಿ ಸ್ವತಃ ಎರಡನೆಯ ಮಹಾಯುದ್ಧದ ವರ್ಷಗಳನ್ನು ಮದ್ರಾಸಿನ ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತ ಕಳೆದವರು. ಅವರ ಹೆಸರಿನ ಶಾಲೆಗಳು ನಮ್ಮ ಬೀದಿಬೀದಿಯಲ್ಲಿವೆ. ವಿಧಾನ ಮಾತ್ರ ಸಂಡೇ ಸ್ಕೂಲಿನ ಬಾಗಿಲು ದಾಟಿಲ್ಲ.) ಒಳ್ಳೆಯ ಕುರುಬನ ಸಾಮ್ಯಕ್ಕೆ ಒಂದು ಚಿಕ್ಕ ಮರದ ಹಟ್ಟಿ, ಕೆಲವು ಕುರಿ, ಒಬ್ಬ ಕುರುಬ. ಶಿಕ್ಷಕಿ ನಿಧಾನವಾಗಿ ವಾಕ್ಯ ಓದುತ್ತ ಅವುಗಳನ್ನು ಸರಿಸುತ್ತಾರೆ. ಆಮೇಲೆ ಮಗು ತಾನೇ ಅವುಗಳನ್ನು ತೆಗೆದುಕೊಂಡು ಎಷ್ಟು ಸಲ ಬೇಕಾದರೂ ಕಥೆ ನಡೆಸಬಹುದು.

ಇವರ ದಾರಿಯನ್ನೇ ಹಿಡಿದ ಅಮೆರಿಕದ ಜೆರೋಮ್ ಬೆರಿಮನ್ ಕಥೆಯ ನಂತರ ಕೇಳಲು ನಾಲ್ಕು ಪ್ರಶ್ನೆಗಳನ್ನು ರೂಢಿಗೆ ತಂದರು. ಕನ್ನಡದಲ್ಲಿ ಅವು ಹೀಗೆ ಬರಬಹುದು: ಈ ಕಥೆಯಲ್ಲಿ ನಿನಗೆ ತುಂಬ ಇಷ್ಟವಾದದ್ದು ಯಾವುದು? ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು? ಇದರಲ್ಲಿ ನೀನು ಎಲ್ಲಿದ್ದೀಯ? ಏನನ್ನು ಬಿಟ್ಟರೂ ಕಥೆ ಪೂರ್ತಿಯಾಗಿಯೇ ಉಳಿಯುತ್ತದೆ? ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ. ನಮ್ಮ ಶಿಕ್ಷಕರಿಗೆ ಕಷ್ಟವಾಗುವುದು ಇಲ್ಲೇ. "ಕಳೆದುಹೋದ ಕುರಿಗೆ ವಾಪಸು ಬರಲು ಇಷ್ಟವಿತ್ತೇ?" ಎಂದು ಮಗು ಕೇಳಿದರೆ ಕೂಡಲೇ ತಿದ್ದುವುದಕ್ಕೆ ಬಾಯಿ ತೆರೆಯುತ್ತೇವೆ. ತಾಳ್ಮೆಯಿಂದ ಕಾಯಿರಿ, ಪಕ್ಕದ ಮಗು ಉತ್ತರ ಕೊಡುತ್ತದೆ. ಅದಾದ ಮೇಲೆ ಬಣ್ಣ, ಮಣ್ಣು, ಕಾಗದ ಏನು ಬೇಕಾದರೂ ಮುಂದಿಡಿ. ಏನು ಮಾಡಬೇಕೆಂದು ಮಾತ್ರ ಹೇಳಬೇಡಿ.

ನಮ್ಮದು ಹಣವಿರುವ ಸಭೆಯಲ್ಲ. ಇಷ್ಟೆಲ್ಲ ಸಾಮಗ್ರಿ ಎಲ್ಲಿಂದ ತರುವುದು?

ಬೇಕಾದದ್ದು ಬಹಳ ಕಡಿಮೆ. ಒಂದು ಟ್ರೇ ಮರಳಿದ್ದರೆ ಅಬ್ರಹಾಮನ ಪಯಣ, ಇಸ್ರಾಯೇಲ್ಯರ ನಲವತ್ತು ವರ್ಷ, ಯೇಸು ಸ್ವಾಮಿಯ ಅರಣ್ಯವಾಸ ಮೂರನ್ನೂ ಹೇಳಬಹುದು. ಮುಖ ಬರೆಯದ ಮರದ ಗೊಂಬೆಗಳನ್ನು ಚನ್ನಪಟ್ಟಣದ ಕಡೆ ಕಡೆದುಕೊಡುತ್ತಾರೆ. ಒಂದೇ ಗೊಂಬೆ ಈ ವಾರ ಸಾರಳಾದರೆ ಮುಂದಿನ ವಾರ ಮರಿಯಳಾಗುತ್ತಾಳೆ. ಯೊರ್ದನ್ ದಾಟಿದ ಕಥೆಗೆ ಹೊಳೆಯಿಂದ ಹನ್ನೆರಡು ಕಲ್ಲು ಸಾಕು. ಮುಂದೆ ನಿಮ್ಮ ಮಕ್ಕಳು "ಈ ಕಲ್ಲುಗಳು ಯಾಕೆ?" ಎಂದು ಕೇಳುವರು ಎಂದು ಯೆಹೋಶುವನ ಪುಸ್ತಕದಲ್ಲೇ ಬರೆದಿದೆ.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಕರಾವಳಿಯವರು ಪೇಟೆಗೆ ಹೋಗಬೇಕಿಲ್ಲ, ತೆಂಗಿನ ಗರಿ ಹಿತ್ತಲಲ್ಲೇ ಇದೆ. ಎಳೆಯ ಗರಿಯಿಂದ ಶಿಲುಬೆ ಹೆಣೆಯುವುದನ್ನು ಹಿರಿಯರು ಮಕ್ಕಳಿಗೆ ಕಲಿಸಲಿ. ಕಥೋಲಿಕರಲ್ಲಿ ಹಿಂದಿನ ವರ್ಷದ ಒಣಗರಿಯನ್ನು ಸುಟ್ಟ ಬೂದಿಯೇ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಂದು ಹಣೆಗೆ ಬರುತ್ತದೆ. ತಾನು ಹಿಡಿದು ಕುಣಿದ ಗರಿ ಬೂದಿಯಾಗುವುದನ್ನು ನೋಡಿದ ಮಗು ಪ್ರಶ್ನೆ ಕೇಳದೆ ಇರುವುದಿಲ್ಲ. ಈಸ್ಟರ್ ಬೆಳಿಗ್ಗೆ ಗುಡಿಯ ಮುಂದೆ ರಂಗೋಲಿಯಲ್ಲಿ ಕುರಿಮರಿ, ಮೀನು ಬಿಡಿಸಬಹುದು. ಕೆಲವು ಹಿರಿಯರಿಗೆ ರಂಗೋಲಿ ಎಂದರೆ ಇರುಸುಮುರುಸು. ಸಭಾಪಾಲಕರನ್ನು ಮೊದಲೇ ಕೇಳಿಕೊಳ್ಳಿ. ಮಕ್ಕಳ ಕೈಕೆಲಸದ ಮೇಲೆ ದೊಡ್ಡವರು ಜಗಳವಾಡುವುದು ಬೇಡ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳನ್ನು ಮನೆಯಲ್ಲಿ ಹೇಗೆ ಆಚರಿಸುವುದು?

ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದ. ಕ್ರಿಸ್ಮಸ್ ಯಾವಾಗ ಎಂದು ಮಕ್ಕಳು ಬಿಡದೆ ಕೇಳುತ್ತಿದ್ದರಂತೆ. 1839ರಲ್ಲಿ ಅವನು ಹಳೆಯ ಗಾಡಿಯ ಚಕ್ರವೊಂದಕ್ಕೆ ಭಾನುವಾರಕ್ಕೊಂದು ದೊಡ್ಡ ಬಿಳಿಯ ಮೇಣದಬತ್ತಿ, ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನು ಸಿಕ್ಕಿಸಿ ದಿನಕ್ಕೊಂದರಂತೆ ಹಚ್ಚಿಸಿದ. ಈಗ ಗುಡಿಗಳಲ್ಲಿ ಕಾಣುವ ಆಗಮನಕಾಲದ ಹಾರದ ಮೂಲ ಅದು. ಮಕ್ಕಳ ಅವಸರವನ್ನು ಬೈಯದೆ ಅದಕ್ಕೊಂದು ರೂಪ ಕೊಟ್ಟ ಈ ಪಾದ್ರಿ ನನಗೆ ಬಹಳ ಮೆಚ್ಚುಗೆ. ಮನೆಯಲ್ಲಿ ತಟ್ಟೆ, ಸ್ವಲ್ಪ ಹಸಿರೆಲೆ, ನಾಲ್ಕು ಬತ್ತಿ ಸಾಕು.

ಯೇಸು ಹುಟ್ಟಿದ ದೃಶ್ಯವನ್ನು ತೋರಿಸುವ ಗೋದಲಿಯದೂ ಹಾಗೆಯೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಜೀವಂತ ಎತ್ತು, ಕತ್ತೆ, ಹುಲ್ಲು ತುಂಬಿದ ಗೋದಲಿ ಇಟ್ಟು ಕ್ರಿಸ್ಮಸ್ ರಾತ್ರಿಯ ಪೂಜೆ ಏರ್ಪಡಿಸಿದ. ನಮ್ಮಲ್ಲಿ ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಕ್ರಿಸ್ಮಸ್ ಹೊತ್ತಿಗೆ ಹಸಿರು ಗದ್ದೆ ಸಿದ್ಧ. ನೀರು ಹಾಕುವ ಹೊಣೆ ಮಗುವಿನದು. ಬಾಲಯೇಸುವನ್ನು 24ರ ರಾತ್ರಿಯವರೆಗೆ ಇಡಬೇಡಿ. ಪೂರ್ವದಿಂದ ಬಂದ ಜೋಯಿಸರ ಗೊಂಬೆಗಳನ್ನು ಕೋಣೆಯ ಇನ್ನೊಂದು ಮೂಲೆಯಿಂದ ದಿನಕ್ಕೊಂದು ಗೇಣು ನಡೆಸಿ ಜನವರಿ 6ಕ್ಕೆ ತಲುಪಿಸಿ. ಮಂಗಳೂರಿನ ಕಡೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯನ್ನು ನೆರೆಮನೆಗೆ ಕೊಡಲು ಮಕ್ಕಳನ್ನೇ ಕಳುಹಿಸುವ ಪದ್ಧತಿ ಇದೆ. ಪೆಟ್ಟಿಗೆ ಕಟ್ಟಿ ಕೊರಿಯರ್ ಮಾಡುವವರು ಅದನ್ನು ಬಿಟ್ಟುಕೊಡಬೇಡಿ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಕ್ಕಳು ಉಪವಾಸ ಮಾಡಬೇಕೇ?

ಬೇಡ. ಕಥೋಲಿಕ ಸಭೆಯ ನಿಯಮದಲ್ಲೂ ಉಪವಾಸ 18 ವರ್ಷ ತುಂಬಿದವರಿಗೆ, ಮಾಂಸವರ್ಜನೆ 14 ತುಂಬಿದವರಿಗೆ. ಮಕ್ಕಳು ಒಂದು ತಿಂಡಿಯ ದುಡ್ಡನ್ನು ಡಬ್ಬಿಗೆ ಹಾಕಲಿ, ಆ ದುಡ್ಡು ಯಾರಿಗೆ ಹೋಗಬೇಕೆಂದು ಅವರೇ ನಿರ್ಧರಿಸಲಿ. ಶ್ರಮಮರಣದ ಕಥೆಯನ್ನು ಚಿಕ್ಕವರಿಗೆ ರಕ್ತ, ಮೊಳೆಗಳ ವಿವರವಿಲ್ಲದೆ ಹೇಳಿ. ಶುಕ್ರವಾರದಲ್ಲಿ ಕಥೆ ನಿಲ್ಲಿಸಿ ಮಲಗಿಸಬೇಡಿ. ಸಮಾಧಿ ಬರಿದಾದದ್ದನ್ನೂ ಅದೇ ರಾತ್ರಿ ಹೇಳಿಬಿಡಿ.

ಆರಾಧನೆಯಲ್ಲಿ ಮಕ್ಕಳು ಗಲಾಟೆ ಮಾಡುತ್ತಾರೆ, ಹಿರಿಯರು ತಿರುಗಿ ತಿರುಗಿ ನೋಡುತ್ತಾರೆ. ಬೇರೆ ಕೋಣೆಯಲ್ಲಿ ಕೂರಿಸುವುದೇ ಒಳ್ಳೆಯದಲ್ಲವೇ?

ಅಲ್ಲ. ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಯೇಸು ಕೋಪಗೊಂಡರು ಎಂದು ಮಾರ್ಕನು ನೇರವಾಗಿಯೇ ಬರೆಯುತ್ತಾನೆ. ಆ ಶಿಷ್ಯರೂ ಶಿಸ್ತಿನ ಒಳ್ಳೆಯ ಉದ್ದೇಶದಿಂದಲೇ ತಡೆದಿರಬೇಕು.

ಸಂಡೇ ಸ್ಕೂಲ್ ಆರಾಧನೆಯ ಬದಲಿ ಎಂದು ನಾವು ತಿಳಿದುಕೊಂಡಿದ್ದೇವೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಅದನ್ನು ಆರಂಭಿಸಿದ್ದು ವಾರವಿಡೀ ದುಡಿಯುತ್ತಿದ್ದ ಬಡಮಕ್ಕಳಿಗೆ ರಜೆಯ ದಿನ ಓದು ಕಲಿಸುವುದಕ್ಕೆ. ಆ ಮಕ್ಕಳನ್ನು ಗುಡಿಗೂ ಕರೆದೊಯ್ಯುತ್ತಿದ್ದರು. ಪಾಠ ಬೇರೆ, ಆರಾಧನೆ ಬೇರೆ. ಹದಿನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿ ಬೆಳೆದ ಹುಡುಗನಿಗೆ ಹದಿನೈದಕ್ಕೆ ಗುಡಿ ಅಪರಿಚಿತವಾಗಿ ಕಂಡರೆ ತಪ್ಪು ಅವನದಲ್ಲ. ಇಸ್ರಾಯೇಲ್ಯರ ಪಸ್ಕ ಹಬ್ಬದ ಊಟದ ಬಗ್ಗೆ ವಿಮೋಚನಕಾಂಡದ 12ನೆಯ ಅಧ್ಯಾಯ ಹೇಳುವುದನ್ನು ಗಮನಿಸಿ: ಈ ಆಚರಣೆಯ ಅರ್ಥವೇನು ಎಂದು ಮಕ್ಕಳು ಕೇಳುತ್ತಾರೆ. ಊಟಕ್ಕೆ ಜೊತೆಯಲ್ಲಿ ಕುಳಿತಿದ್ದರಿಂದಲೇ ಆ ಪ್ರಶ್ನೆ ಹುಟ್ಟಿತು.

ಇನ್ನು ಕೈಗೆಟಕುವ ಉಪಾಯಗಳು. ಹಿಂದಿನ ಬೆಂಚು ಬಿಟ್ಟು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಹಿಂದೆ ಕುಳಿತ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ನಮಗೂ ಅಷ್ಟೇ ಕಂಡರೆ ಆಕಳಿಕೆ ಬರುತ್ತದೆ. ಮುಂದೇನು ಎಂದು ಕಿವಿಯಲ್ಲಿ ಹೇಳುತ್ತಿರಿ. ಹಾಡಿನ ಸಂಖ್ಯೆಯ ಫಲಕ ಜೋಡಿಸುವುದು, ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಕೊಡುವುದು, ಕಾಣಿಕೆಯ ಚೀಲ ಹಿಡಿಯುವುದು, ಗಂಟೆ ಎಳೆಯುವುದು ಎಲ್ಲವೂ ಮಕ್ಕಳಿಂದ ಆಗುವಂಥವು. ವಾಕ್ಯ ಓದಿಸುವುದಾದರೆ ಬುಧವಾರವೇ ಕೊಟ್ಟು ಮೈಕಿನಲ್ಲಿ ಅಭ್ಯಾಸ ಮಾಡಿಸಿ. ಓದುವಾಗ ತಡವರಿಸಿದರೆ ಸಭೆ ಕಾಯಬೇಕು. "ಮಕ್ಕಳ ಭಾನುವಾರ" ಎಂದು ವರ್ಷಕ್ಕೊಮ್ಮೆ ಬಿಳಿ ಬಟ್ಟೆ ತೊಡಿಸಿ, ಕುಣಿಸಿ, ಫೋಟೊ ತೆಗೆದು ಕಳುಹಿಸಿದರೆ ಅದು ಪ್ರದರ್ಶನವಾಗುತ್ತದೆ. ಐದು ರೊಟ್ಟಿ ಎರಡು ಮೀನು ಕೊಟ್ಟ ಹುಡುಗನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಬುತ್ತಿಯನ್ನು ತೆಗೆದುಕೊಂಡು ಜನರಿಗೆ ಬಡಿಸಿದರು.

ಎರಡು-ಮೂರು ವರ್ಷದವರು ಅತ್ತರೆ ಹೊರಗೆ ಕರೆದೊಯ್ಯಿರಿ, ಆಮೇಲೆ ಒಳಗೆ ಬನ್ನಿ. ತಿರುಗಿ ನೋಡುವ ಹಿರಿಯರನ್ನು ಆ ಮಗುವಿಗೆ ಪರಿಚಯ ಮಾಡಿಸಿ, ಹೆಸರು ಗೊತ್ತಾದ ಮೇಲೆ ನೋಟ ಮೆದುವಾಗುತ್ತದೆ.

ಎಲ್ಲ ವಯಸ್ಸಿನವರೂ ನಿಜವಾಗಿ ಸೇರಿ ಆರಾಧಿಸುವ ಮಾದರಿ ಎಲ್ಲಾದರೂ ಇದೆಯೇ?

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಳಿಯ ಒಂದು ಸಭೆಯಲ್ಲಿ 2004ರಲ್ಲಿ ಆರಂಭವಾದ "ಮೆಸ್ಸಿ ಚರ್ಚ್" ಈಗ ಅನೇಕ ದೇಶಗಳಲ್ಲಿದೆ. ಒಂದು ಬೈಬಲ್ ಕಥೆಯ ಸುತ್ತ ಕೈಕೆಲಸದ ಮೇಜುಗಳು, ಚಿಕ್ಕ ಆರಾಧನೆ, ಕೊನೆಗೆ ಎಲ್ಲರಿಗೂ ಊಟ. ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ, ತಂದೆತಾಯಿಯೂ ಉಳಿಯಬೇಕು. ಐದನೆಯ ಭಾನುವಾರ ಬರುವ ತಿಂಗಳಲ್ಲಿ ನಮ್ಮ ಸಭೆಗಳೂ ಇದನ್ನು ಮಾಡಿ ನೋಡಬಹುದು.

ಆದರೆ ಅಷ್ಟು ದೂರ ಹೋಗುವ ಮೊದಲು ನಮ್ಮಲ್ಲೇ ಇರುವುದನ್ನು ನೋಡಿ. ಕರಾವಳಿಯ ಕಥೋಲಿಕರ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಮನೆಯಂಗಳದ, ಗದ್ದೆಬದುವಿನ ಹೂ ಕೊಯ್ದು ತಂದು ಬಾಲಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ, ಹೂ ತಂದ ಮಕ್ಕಳಿಗೆ ಕಬ್ಬು, ಮನೆಯಲ್ಲಿ ತೆನೆಯ ಅಕ್ಕಿಯನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ, ಊಟ ಸಸ್ಯಾಹಾರಿ. ದುಬೈಯಲ್ಲಿರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತವೆ. ಹೂ, ತೆನೆ, ನಡಿಗೆ, ಹಾಡು, ಊಟ: ಮಗುವಿನ ಐದು ಇಂದ್ರಿಯಗಳಿಗೂ ಇಲ್ಲಿ ಕೆಲಸವಿದೆ. ಇದನ್ನು ಯಾವ ಪಠ್ಯಕ್ರಮ ಸಮಿತಿಯೂ ಯೋಜಿಸಲಿಲ್ಲ.

ನಮ್ಮ ಸಭೆಗಳ ಸುಗ್ಗಿ ಹಬ್ಬವೂ ಕಡಿಮೆಯಲ್ಲ. ಕುಂಬಳಕಾಯಿ, ಬಾಳೆಗೊನೆ, ಕೋಳಿ ಎಲ್ಲ ಯಜ್ಞವೇದಿಯ ಮುಂದೆ ಬಂದು ಆಮೇಲೆ ಹರಾಜಾಗುತ್ತವೆ. ಮಗು ತಾನು ಡಬ್ಬಿಯಲ್ಲಿ ಬೆಳೆಸಿದ ಮೆಂತ್ಯದ ಒಂದು ಕಟ್ಟು ತಂದರೆ ಅದನ್ನೂ ಹರಾಜಿಗೆ ಇಡಿ. ಪೇಟೆಯ ಸಭೆಗಳಲ್ಲಿ ಇದನ್ನು ಲಕೋಟೆಯ ಕಾಣಿಕೆಗೆ ಇಳಿಸಿದ್ದಾರೆ. ಲೆಕ್ಕಕ್ಕೆ ಅನುಕೂಲ, ಮಕ್ಕಳಿಗೆ ನಷ್ಟ.

ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಇಂಗ್ಲಿಷ್ ಆರಾಧನೆಗೆ ಸೇರಿಸಿಬಿಡಲೇ?

ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಕೊಲ್ಲಿ ದೇಶಗಳಲ್ಲೂ ಕೇಳುವ ಪ್ರಶ್ನೆ. ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬೈಬಲ್ ಓದಲು ಬಿಡಿ, ಅದರಲ್ಲಿ ಹಟ ಬೇಡ. ಆದರೆ ಹಾಡಿಗೆ ಅಕ್ಷರ ಬೇಕಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇದನ್ನು ಬೇಗ ಅರಿತರು. ನಿಘಂಟಿನ ಕಿಟ್ಟೆಲ್ ಕೂಡ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ಕಟ್ಟಿದವರು. ಕರ್ತನ ಪ್ರಾರ್ಥನೆ, 23ನೆಯ ಕೀರ್ತನೆ, ಹತ್ತು ಹಾಡು ಇಷ್ಟು ಕನ್ನಡದಲ್ಲಿ ಬಾಯಿಗೆ ಬಂದರೆ ಅಜ್ಜನ ಪಕ್ಕ ನಿಂತು ಆರಾಧಿಸಬಲ್ಲ. ಅಜ್ಜನ ಧ್ವನಿಯಲ್ಲೇ ಅವನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಕನ್ನಡ ಓದಲಾರನೆಂದು ಸಭೆಯಲ್ಲಿ ಯಾರಾದರೂ ಹಂಗಿಸಿದರೆ ಅವರನ್ನು ತಡೆಯುವುದು ನಿಮ್ಮ ಕೆಲಸ.

ವಚನ ಕಂಠಪಾಠ ಸ್ಪರ್ಧೆ, ಬಹುಮಾನ ಬೇಕೇ?

ಕಂಠಪಾಠ ಬೇಕು. ಸ್ಪರ್ಧೆಯ ಬಗ್ಗೆ ನನಗೆ ಉತ್ಸಾಹವಿಲ್ಲ: ಗೆದ್ದವರು ಬಹುಮಾನದ ಮರುವಾರ ಮರೆಯುತ್ತಾರೆ, ಸೋತವರು ವಚನವನ್ನೇ ದ್ವೇಷಿಸುತ್ತಾರೆ.

ಎಷ್ಟನೆಯ ವಯಸ್ಸಿಗೆ ಕರ್ತನ ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡಬಹುದು?

ಸಭೆಯಿಂದ ಸಭೆಗೆ ಬೇರೆ. ಕಥೋಲಿಕರಲ್ಲಿ 1910ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳ (ಪೋಪ್) ಆಜ್ಞೆಯ ನಂತರ ಸುಮಾರು ಏಳು ವರ್ಷಕ್ಕೆ ಪ್ರಥಮ ಪರಮಪ್ರಸಾದ; ಕರ್ತನ ಭೋಜನಕ್ಕೆ ಅವರು ಹೇಳುವ ಹೆಸರು ಅದು. ಆರ್ಥೊಡಾಕ್ಸ್ ಸಭೆಗಳಲ್ಲಿ ದೀಕ್ಷಾಸ್ನಾನವಾದ ಕೂಸಿಗೇ ಕೊಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ದೃಢೀಕರಣದ (ಬೆಳೆದ ಮಕ್ಕಳು ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ) ನಂತರ. ಅಲ್ಲಿಯವರೆಗೆ ಮಕ್ಕಳನ್ನು ಬೆಂಚಿನಲ್ಲೇ ಬಿಟ್ಟು ಹೋಗಬೇಡಿ; ಜೊತೆಗೆ ಕರೆದೊಯ್ದರೆ ಸಭಾಪಾಲಕರು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬಲ್ಲರು.

"ಅಷ್ಟು ಪ್ರಾರ್ಥಿಸಿದರೂ ಅಜ್ಜಿ ಯಾಕೆ ಸತ್ತರು?" ಎಂದರೆ ಏನು ಹೇಳಲಿ?

"ದೇವರಿಗೆ ಅಜ್ಜಿ ಬೇಕಾಗಿದ್ದರು" ಎನ್ನಬೇಡಿ. ಮುಂದೆ ಅಮ್ಮನೂ ಬೇಕಾದರೆ ಎಂಬ ಭಯ ಆ ರಾತ್ರಿಯಿಂದಲೇ ಆರಂಭವಾಗುತ್ತದೆ. "ನನಗೂ ಗೊತ್ತಿಲ್ಲ, ನನಗೂ ದುಃಖವಿದೆ" ಎನ್ನಿ. ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರಿಟ್ಟರು. 13ನೆಯ ಕೀರ್ತನೆ "ಎಷ್ಟರ ತನಕ" ಎಂದು ದೇವರನ್ನೇ ನಾಲ್ಕು ಸಲ ಕೇಳುತ್ತದೆ. ಅದನ್ನು ಜೊತೆಗೆ ಓದಿ, ಮಗು ತನ್ನದೇ ಐದನೆಯ "ಎಷ್ಟರ ತನಕ" ಬರೆಯಲಿ. ನವೆಂಬರ್ 2ಕ್ಕೆ ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು ಬತ್ತಿ ಹಚ್ಚುವಾಗ ಮಕ್ಕಳೂ ಜೊತೆಗಿರುತ್ತಾರೆ. ನಾವು ಸ್ಮಶಾನದಿಂದ ಮಕ್ಕಳನ್ನು ದೂರವಿಡುತ್ತೇವೆ, ಅಗತ್ಯವಿಲ್ಲ.

ಆಟಿಸಂ ಇರುವ ನಮ್ಮ ಮಗಳು ಡ್ರಮ್ಸ್ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತಾಳೆ.

ಸ್ಪೀಕರಿನಿಂದ ದೂರದ, ಬಾಗಿಲಿಗೆ ಹತ್ತಿರದ ಜಾಗ ಅವಳಿಗಾಗಿ ಖಾಯಂ ಇರಲಿ. ಆರಾಧನೆಯ ಕ್ರಮವನ್ನು ಆರೇಳು ಚಿತ್ರಗಳಲ್ಲಿ ಬರೆದುಕೊಡಿ, ಒಂದೊಂದು ಮುಗಿದಂತೆ ಅವಳು ಗುರುತು ಹಾಕಲಿ. ಪ್ರತಿ ವಾರ ಒಂದೇ ಕ್ರಮವಿದ್ದರೆ ಅವಳಿಗೆ ನೆಮ್ಮದಿ. ಇನ್ನು ಸದ್ದು ಕಡಿಮೆ ಮಾಡಿ ಎಂದು ವಾದ್ಯವೃಂದಕ್ಕೆ ಹೇಳಲು ಸಂಕೋಚ ಬೇಡ, ಅರ್ಧ ಸಭೆ ನಿಮಗೆ ಮನಸ್ಸಿನಲ್ಲೇ ವಂದನೆ ಹೇಳುತ್ತದೆ.

ವಿ.ಬಿ.ಎಸ್.ಗೆ ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಬರಲು ಆಸೆಪಡುತ್ತಾರೆ. ಸೇರಿಸಿಕೊಳ್ಳಬಹುದೇ?

ಅವರ ತಂದೆತಾಯಿಗೆ ಅಲ್ಲಿ ಏನೇನು ಕಲಿಸುತ್ತೇವೆ, ಏನು ಹಾಡುತ್ತೇವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಲಿಖಿತ ಒಪ್ಪಿಗೆ ಪಡೆದ ಮೇಲೆ ಮಾತ್ರ. ಒಪ್ಪದಿದ್ದರೆ ಮಗುವನ್ನು ಆಸೆ ತೋರಿಸಿ ಕರೆಯಬೇಡಿ.

ಮಕ್ಕಳ ಸುರಕ್ಷತೆಗೆ ಸಭೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ಯಾವ ತರಗತಿಯಲ್ಲೂ, ಯಾವ ಶಿಬಿರದಲ್ಲೂ ಮಗುವಿನೊಂದಿಗೆ ಒಬ್ಬರೇ ದೊಡ್ಡವರು ಇರಬಾರದು, ಇಬ್ಬರಿರಬೇಕು. ಬಾಗಿಲು ತೆರೆದಿರಬೇಕು. ಈ ನಿಯಮ ಸಭಾಪಾಲಕರಿಗೂ ಅನ್ವಯ. ತಬ್ಬಿಕೊಳ್ಳಲು, ಮುಂದೆ ಬಂದು ಸಾಕ್ಷಿ ಹೇಳಲು ಮಗುವನ್ನು ಬಲವಂತ ಮಾಡಬೇಡಿ. ಫೋಟೊಗಳನ್ನು ಕೇಳದೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮಗು ಏನಾದರೂ ಹೇಳಿಕೊಂಡರೆ "ಸಭೆಯ ಮರ್ಯಾದೆ" ಎಂಬ ಮಾತೇ ಬರಬಾರದು: ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು, ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಸಂಡೇ ಸ್ಕೂಲ್ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ.

ಹದಿನಾಲ್ಕು ವರ್ಷದ ಮಗ ಇನ್ನು ಗುಡಿಗೆ ಬರುವುದಿಲ್ಲ ಎನ್ನುತ್ತಿದ್ದಾನೆ.

ಜಗಳದ ಮೊದಲು ಕಾರಣ ಕೇಳಿ. ಕೆಲವೊಮ್ಮೆ ಅದು ದೇವರ ಬಗೆಗಿನ ಸಂಶಯ, ಕೆಲವೊಮ್ಮೆ ಬರಿಯ ನಿದ್ದೆ, ಕೆಲವೊಮ್ಮೆ ಯುವಜನರ ಗುಂಪಿನಲ್ಲಿ ಯಾರೋ ಗೇಲಿ ಮಾಡಿದ್ದು. ಮೂರಕ್ಕೂ ಒಂದೇ ಮದ್ದಿಲ್ಲ. ಸಂಶಯವಾದರೆ ಅದನ್ನು ಹೆದರದೆ ಕೇಳುವ ಒಬ್ಬ ದೊಡ್ಡವರು ಬೇಕು. ಅದು ಬಹುಮಟ್ಟಿಗೆ ತಂದೆತಾಯಿ ಆಗಿರುವುದಿಲ್ಲ, ಚಿಕ್ಕಪ್ಪನೋ ಸೋದರತ್ತೆಯೋ ಹಳೆಯ ಶಿಕ್ಷಕಿಯೋ ಆಗಿರುತ್ತಾರೆ. ಅವರಿಗೆ ಫೋನ್ ಮಾಡಿ. ಹನ್ನೆರಡರ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದಾಗ ಮೂರು ದಿನ ಹುಡುಕಿದ ಮರಿಯಮ್ಮನಿಗೂ ಮಗನ ಉತ್ತರ ಅರ್ಥವಾಗಲಿಲ್ಲ ಎಂದು ಲೂಕನು ಬರೆದಿದ್ದಾನೆ.

ಸುಮ್ಮನೆ ಬಂದು ಕೂರು ಎನ್ನುವುದಕ್ಕಿಂತ ಸೌಂಡ್ ಮಿಕ್ಸರ್, ಗಿಟಾರ್, ಸುಗ್ಗಿ ಹಬ್ಬದ ಅಡುಗೆ ಇಂಥ ನಿಜವಾದ ಜವಾಬ್ದಾರಿ ಕೊಟ್ಟರೆ ಬರುವವರಿದ್ದಾರೆ. ಪರೀಕ್ಷೆಯ ಟ್ಯೂಷನ್‌ಗೆ ಭಾನುವಾರ ಬೆಳಿಗ್ಗೆ ನೀವೇ ಕಳುಹಿಸಿದ್ದರೆ ಆ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಿ. ಅವನು ಬಾರದ ವಾರ ನೀವು ಹೋಗಿ ಬನ್ನಿ, ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಸಂಗ ಒಪ್ಪಿಸಬೇಡಿ. ರಾತ್ರಿಯ ಪ್ರಾರ್ಥನೆಯಲ್ಲಿ ಅವನ ಸರದಿ ಬಂದಾಗ ಸುಮ್ಮನಿರುವ ಹಕ್ಕು ಅವನಿಗಿರಲಿ.